ಊರಿಗೊಂದು ಅಳತೆ

ನನ್ನ ಕಸುಬಿನಲ್ಲಿ ನಾನು ಎರಡು ಅಳತೆ ಇಟ್ಟುಕೊಂಡವನು. ಕೊಯಮತ್ತೂರಿನ ಕಚೇರಿಗಳಿಗೆ ಒಂದು, ತಾಳವಾಡಿಗೆ ಇನ್ನೊಂದು. ಕೊಯಮತ್ತೂರಿನಲ್ಲಿ ಒಂದು ಸ್ವಿಚ್ಚನ್ನು ರ‍್ಯಾಕಿಗೆ ಕೂರಿಸುವ ಮೊದಲೇ ಟೆಲ್‌ನೆಟ್ ಮುಚ್ಚುತ್ತೇನೆ, ಬರಿಯ ಎಚ್‌ಟಿಟಿಪಿ ಮುಚ್ಚುತ್ತೇನೆ. ಆ ಸಂಸ್ಥೆಯ ಪ್ರಾಧಿಕಾರದಿಂದ ಸ್ವಿಚ್ಚಿನ ಹೆಸರಿಗೊಂದು ಡಿಜಿಟಲ್ ಸರ್ಟಿಫಿಕೇಟ್ ಮಾಡಿಸಿ, ಲಾಗಿನ್ ಪುಟದಲ್ಲಿ ಬೀಗದ ಗುರುತು ಕಂಡ ಮೇಲೆಯೇ ಕೆಲಸ ಮುಗಿಯಿತು ಎನ್ನುತ್ತೇನೆ. ಇತ್ತ ತಾಳವಾಡಿಯ ಬೆಟ್ಟದ ಮೇಲೆ, ಬೆಳೆಗಾರರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಸಂಘದ ರೂಟರು, ಸ್ವಿಚ್ಚು, ಗೋದಾಮಿನ ಕ್ಯಾಮೆರಾಗಳನ್ನು ನೋಡಿಕೊಳ್ಳುವವನೂ ನಾನೇ. ಅಲ್ಲಿ ಇದಾವುದೂ ಇರಲಿಲ್ಲ. ಲಾಗಿನ್ ಪುಟ ತೆರೆದರೆ ಈ ಸಂಪರ್ಕ ಸುರಕ್ಷಿತವಲ್ಲ ಎಂದು ಬ್ರೌಸರು ಕೆಂಪಗೆ ಎಚ್ಚರಿಸುತ್ತಿತ್ತು. ಆದರೂ ಮುಂದುವರಿ ಎಂಬುದನ್ನು ಒತ್ತಿ ಒಳಗೆ ಹೋಗುತ್ತಿದ್ದೆ. ವರ್ಷಗಟ್ಟಲೆ ಹಾಗೇ ಹೋದೆ. ಯಾರೂ ನುಗ್ಗಲಿಲ್ಲ, ಏನೂ ಕಳುವಾಗಲಿಲ್ಲ. ಆಗಿದ್ದರೆ ತಪ್ಪೊಪ್ಪಿಕೊಂಡು ಹಗುರಾಗಬಹುದಿತ್ತು. ಏನೂ ಆಗದ ಕಾರಣಕ್ಕೇ ಪ್ರಶ್ನೆ ಹಾಗೇ ಉಳಿದಿದೆ. ಅದೇ ಕೈ, ಅದೇ ವಿದ್ಯೆ. ಘಾಟಿ ಹತ್ತಿದ ಕೂಡಲೇ ಅಳತೆ ಯಾಕೆ ಬದಲಾಗುತ್ತಿತ್ತು?

ಈ ಕೆಲಸದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ರೂಟರಿಗೂ ಸ್ವಿಚ್ಚಿಗೂ ಒಂದೊಂದು ಆಡಳಿತದ ಪುಟ ಇರುತ್ತದೆ. ಅದರೊಳಗೆ ಹೊಕ್ಕವನಿಗೆ ಇಡೀ ಜಾಲ ಕೈವಶ. ಯಾರ ಮಾಹಿತಿ ಯಾವ ದಾರಿ ಹಿಡಿಯಬೇಕು, ಬ್ಯಾಂಕಿನ ಹೆಸರು ಟೈಪಿಸಿದವರನ್ನು ಯಾವ ವಿಳಾಸಕ್ಕೆ ಒಯ್ಯಬೇಕು ಎಂಬುದನ್ನೆಲ್ಲ ಅವನು ತಿದ್ದಬಹುದು. ಪುಟ ಬರಿಯ ಎಚ್‌ಟಿಟಿಪಿಯದಾದರೆ ಪಾಸ್‌ವರ್ಡು ತಂತಿಯ ಮೇಲೆ ಬೆತ್ತಲೆ ಹೋಗುತ್ತದೆ. ಎಚ್‌ಟಿಟಿಪಿಎಸ್ ಆದರೆ ಗೂಢಲಿಪಿಯಲ್ಲಿ ಹೋಗುತ್ತದೆ, ಸರಿ. ಆದರೆ ಯಾರ ಕೈಗೆ? ಅದಕ್ಕೆ ಉತ್ತರ ಹೇಳುವುದು ಸರ್ಟಿಫಿಕೇಟು. ಸಾಧನ ತನ್ನೊಳಗೇ ಒಂದು ಜೋಡಿ ಕೀಲಿ ಹುಟ್ಟಿಸಿಕೊಳ್ಳುತ್ತದೆ. ಗುಟ್ಟಿನದು ಅಲ್ಲಿಂದ ಹೊರಗೆ ಬರುವುದೇ ಇಲ್ಲ. ಬಹಿರಂಗದ್ದನ್ನು ತನ್ನ ಹೆಸರು, ವಿಳಾಸಗಳ ಜೊತೆ ಸೇರಿಸಿ ಅರ್ಜಿ ಹಾಕುತ್ತದೆ. ಎಲ್ಲರೂ ನಂಬುವ ಒಂದು ಪ್ರಾಧಿಕಾರ ವಿಚಾರಿಸಿ ಸಹಿ ಹಾಕಿ ಹಿಂತಿರುಗಿಸುತ್ತದೆ. ಆ ಸಹಿಯಾದ ಪತ್ರವೇ ಸರ್ಟಿಫಿಕೇಟು. 1978ರಲ್ಲಿ ಎಂಐಟಿಯ ವಿದ್ಯಾರ್ಥಿ ಲೋರೆನ್ ಕೋನ್‌ಫೆಲ್ಡರ್ ತನ್ನ ಪದವಿಯ ಪ್ರಬಂಧದಲ್ಲಿ ಮುಂದಿಟ್ಟ ಯೋಚನೆ ಇದು. 1988ರಲ್ಲಿ ಎಕ್ಸ್.509 ಎಂಬ ಹೆಸರಿನ ಮಾನಕವಾಯಿತು.

ಸಂಘದ ರೂಟರು ತನ್ನ ಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿತ್ತು. ಅಂಗಡಿಯಿಂದ ತಂದ ದಿನ ಬಹುತೇಕ ರೂಟರುಗಳು ಹಾಗೆಯೇ. ಮೊದಲ ದಿನ ಅದರೆದುರು ಕೂತು ಆ ಪತ್ರದ ಫಿಂಗರ್‌ಪ್ರಿಂಟ್ ಎಂಬ ಅಕ್ಷರ-ಅಂಕಿಗಳ ಸಾಲನ್ನು ಬರೆದಿಟ್ಟುಕೊಂಡಿದ್ದರೆ ಅದೂ ಒಂದು ಮಟ್ಟಿಗೆ ಆಗುತ್ತಿತ್ತು. ಬರೆದುಕೊಂಡಿರಲಿಲ್ಲ. ನಡುವೆ ಯಾರಾದರೂ ಕೂತು ತನ್ನ ಪತ್ರವನ್ನು ನನ್ನ ಮುಂದೆ ಹಿಡಿದಿದ್ದರೂ ಬರುತ್ತಿದ್ದುದು ಅದೇ ಕೆಂಪು ಪುಟ, ಒತ್ತುತ್ತಿದ್ದುದು ಅದೇ ಗುಂಡಿ. ಅಂದರೆ ಕಳ್ಳ ಬಂದರೂ ನನಗೆ ತಿಳಿಯದಂಥ ಏರ್ಪಾಟನ್ನು ನಾನೇ ಮಾಡಿಕೊಂಡಿದ್ದೆ. ಕಳ್ಳ ಬರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನೂ ಈಗ ತಿದ್ದಬೇಕು: ಬಂದದ್ದು ನನಗೆ ಕಾಣಲಿಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ನಾನು ದೂರದಲ್ಲಿ ಕೂತು ಈ ಸಾಧನಗಳನ್ನು ನೋಡಿಕೊಳ್ಳುವುದಕ್ಕೆ ಕಾರಣ ನಮ್ಮ ಬೆಟ್ಟವೇ. ಕೊಯಮತ್ತೂರು ಕಡೆಯಿಂದ ತಾಳವಾಡಿಗೆ ಬರಬೇಕಾದರೆ ಸತ್ಯಮಂಗಲ, ಬಣ್ಣಾರಿ ದಾಟಿ 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ ಹತ್ತಬೇಕು. ಹಾಸನೂರಿನಿಂದಾಚೆಗೂ ಕಾಡೇ. 2013ರಲ್ಲಿ ಇದೆಲ್ಲ ಹುಲಿ ಮೀಸಲು ಪ್ರದೇಶವಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಬಿತ್ತು. ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುವುದನ್ನು ಕಂಡವನಿಗೆ ಅದು ಸರಿಯೆಂದೇ ಅನಿಸುತ್ತದೆ. ಆದರೆ ಸಂಜೆ ಹೊತ್ತಿಗೆ ಲೈನು ಹೋಯಿತು ಎಂದು ಫೋನು ಬಂದರೆ ನಾನು ಹೊರಟು ಬರುವ ಹಾಗಿಲ್ಲ. ಅದಕ್ಕೇ ರೂಟರಿನ ಆಡಳಿತ ಪುಟವನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದೆ. ನನಗೆ ತೆರೆದದ್ದು ಎಂದುಕೊಂಡಿದ್ದೆ. ಹಾಗೆ ಒಬ್ಬನಿಗೇ ತೆರೆಯುವ ಬಾಗಿಲು ಇಂಟರ್‌ನೆಟ್ಟಿನಲ್ಲಿ ಇಲ್ಲ ಎಂಬುದನ್ನು ಕೊಯಮತ್ತೂರಿನ ಹುಡುಗರಿಗೆ ಪಾಠ ಹೇಳುವವನೂ ನಾನೇ.

ಒಮ್ಮೆ ಸಂಘದ ಹಿರಿಯರೊಬ್ಬರ ಬಳಿ ಈ ವಿಷಯ ಎತ್ತಿದ್ದುಂಟು. ಅವರು ನಕ್ಕರು. ‘ನಮ್ಮ ಎಲೆಕೋಸಿನ ಲೆಕ್ಕ ಕದ್ಕೊಂಡೋಗಿ ಯಾರ್ ಏನ್ ಮಾಡ್ಕಂಡಾರು ಮೊಗ? ಬುಡತ್ಲಾಗೆ’ ಅಂದರು. ನಾನೂ ನಕ್ಕೆ. ಆ ನಗುವನ್ನೇ ಅಪ್ಪಣೆ ಎಂದು ಇಟ್ಟುಕೊಂಡೆ. ಅವರು ಹೇಳಿದ್ದು ಎಲೆಕೋಸಿನ ಮಾತು. ಆ ತಂತಿಯ ಮೇಲೆ ಎಲೆಕೋಸಿನ ತೂಕದ ಜೊತೆಗೆ ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಪ್ರತಿ, ಸಾಲದ ಬಾಕಿ ಎಲ್ಲವೂ ಹೋಗುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿಲ್ಲದವರ ಒಪ್ಪಿಗೆಯನ್ನು ಗೊತ್ತಿರುವವನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡದ್ದಕ್ಕೆ ಏನೆನ್ನಬೇಕೋ.

ನೆಪಗಳನ್ನೂ ಲೆಕ್ಕ ಹಾಕಿದ್ದೇನೆ. ಖರ್ಚು? ನಮ್ಮದೇ ಒಂದು ಪುಟ್ಟ ಪ್ರಾಧಿಕಾರ ಕಟ್ಟಿಕೊಳ್ಳಲು ಓಪನ್‌ಎಸ್‌ಎಸ್‌ಎಲ್, ಎಕ್ಸ್‌ಸಿಎ ಎಂಬ ತಂತ್ರಾಂಶಗಳಿವೆ, ಎರಡೂ ಪುಕ್ಕಟೆ. ಸಾಧನ ಹಳೆಯದು? ಇದರಲ್ಲಿ ಅರ್ಧ ನಿಜವಿದೆ, ಮುಂದೆ ಹೇಳುತ್ತೇನೆ. ಸಮಯ? ಗೋರೆಹಬ್ಬಕ್ಕೆ ಗುಮಟಾಪುರಕ್ಕೆ ಬರಲು ಬಿಡುವಾಗುತ್ತಿತ್ತು. ನನಗೆ ಹೆಚ್ಚು ಮೆಚ್ಚಾಗಿದ್ದ ನೆಪ ಬೇರೆ. ನಮ್ಮ ಕಡೆ ಒಬ್ಬರನ್ನೊಬ್ಬರು ಪುರಾವೆ ಕೇಳುವುದಿಲ್ಲ, ದನಿ ಕೇಳಿದರೆ ಸಾಕು, ಇಂಥವರ ಮಗ ಎಂದರೆ ಸಾಕು ಎನ್ನುವುದು. ಇದನ್ನು ಕೊಯಮತ್ತೂರಿನಲ್ಲಿ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ.

ಅದು ಪೂರ್ತಿ ಸುಳ್ಳೂ ಅಲ್ಲ. 2000ದ ಜುಲೈ 30ರ ರಾತ್ರಿ ವೀರಪ್ಪನ್ ನಮ್ಮ ಪಕ್ಕದ ಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ಎತ್ತಿಕೊಂಡು ಹೋದ. 108 ದಿನ ಅವರು ಕಾಡಿನಲ್ಲಿದ್ದರು. ಕಾಡಿನಿಂದ ಸುದ್ದಿ ಬರುತ್ತಿದ್ದುದು ಕ್ಯಾಸೆಟ್ಟಿನಲ್ಲಿ. ನಾನಾಗ ಹುಡುಗ. ದೊಡ್ಡವರೆಲ್ಲ ನೆಚ್ಚಿಕೊಂಡಿದ್ದು ದನಿಯನ್ನು, ಮತ್ತು ಅದನ್ನು ತಂದವನ ಮುಖವನ್ನು. ವಿಚಿತ್ರವೆಂದರೆ ಆ 108 ದಿನಗಳ ನಡುವೆಯೇ, ಅಕ್ಟೋಬರ್ 17ರಂದು, ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಡಿಜಿಟಲ್ ಸಹಿಗೆ ಕಾನೂನಿನ ಬಲ ಕೊಟ್ಟ, ಅದಕ್ಕೆಂದು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರನ್ನು, ಅಂದರೆ ಸಿಸಿಎಯನ್ನು ನೇಮಿಸಲು ದಾರಿ ಮಾಡಿದ ಕಾಯ್ದೆ ಅದೇ. ದೆಹಲಿಯಲ್ಲಿ ಗಣಿತವನ್ನು ಸಾಕ್ಷಿಯಾಗಿ ಒಪ್ಪಿಕೊಂಡ ತಿಂಗಳು ನಮ್ಮ ಬೆಟ್ಟ ಇನ್ನೂ ಕ್ಯಾಸೆಟ್ಟಿಗೆ ಕಿವಿಗೊಟ್ಟು ಕೂತಿತ್ತು. ಇವತ್ತು ಯಾರ ದನಿಯನ್ನಾದರೂ ಕಂಪ್ಯೂಟರಿನಲ್ಲಿ ಎರಕ ಹೊಯ್ಯಬಹುದು.

ಹಾಗೆಂದು ಪುರಾವೆಯ ಕಾಟ ನಮಗೆ ಗೊತ್ತಿಲ್ಲದ್ದೇ? 1956ರಲ್ಲಿ ಆಗಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಸಂತೆ-ಆಸ್ಪತ್ರೆ-ಕಾಲೇಜಿಗೆ ಚಾಮರಾಜನಗರ, ಕಾಗದವೆಲ್ಲ ತಮಿಳು. ಪುಣಜನೂರಿನ ಆಚೆ ನಾವು ತಮಿಳುನಾಡಿನವರು, ಬಣ್ಣಾರಿಯ ಕೆಳಗೆ ಕನ್ನಡದವರು. ಎರಡೂ ಕಡೆ ನಾವು ಯಾರೆಂದು ಕಾಗದ ತೋರಿಸಬೇಕು. ಜಾತಿ, ಆದಾಯ, ವಾಸಸ್ಥಳ ಯಾವುದಕ್ಕೂ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಮೊದಲು ಗ್ರಾಮ ಆಡಳಿತಾಧಿಕಾರಿ, ಅಂದರೆ ವಿಎಓ ನೋಡುತ್ತಾರೆ, ಮೇಲೆ ಕಂದಾಯ ನಿರೀಕ್ಷಕರು, ಕೊನೆಗೆ ತಹಶೀಲ್ದಾರರು. ವಿಎಓಗೆ ನಮ್ಮ ಮನೆ ಗೊತ್ತು, ತಹಶೀಲ್ದಾರರಿಗೆ ವಿಎಓ ಗೊತ್ತು, ಕಾಲೇಜಿನವರಿಗೆ ತಹಶೀಲ್ದಾರರ ಹುದ್ದೆ ಗೊತ್ತು. ನಮ್ಮ ಮನೆಯನ್ನು ಕಾಣದ ಕಾಲೇಜು ನಮ್ಮನ್ನು ಒಪ್ಪುವುದು ಈ ಕೊಂಡಿಗಳಿಂದ. ಸ್ವಿಚ್ಚಿನ ಸರ್ಟಿಫಿಕೇಟಿನಲ್ಲಿ ನಡೆಯುವುದೂ ಇದೇ. ಸಾಧನದ ಮೇಲೆ ಮಧ್ಯದ ಪ್ರಾಧಿಕಾರ, ಅದರ ಮೇಲೆ ಬೇರು, ಅಂದರೆ ರೂಟ್ ಪ್ರಾಧಿಕಾರ. ನನಗೆ ಈ ಪಾಠವನ್ನು ಯಾವ ಪುಸ್ತಕವೂ ಹೊಸದಾಗಿ ಹೇಳಬೇಕಿರಲಿಲ್ಲ.

ಈಗ ತಹಶೀಲ್ದಾರರ ಸಹಿಯೂ ಡಿಜಿಟಲ್. ಆ ಪಿಡಿಎಫ್ ತೆರೆದವರಿಗೆ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡಿರಬಹುದು. ಆಧಾರ್ ಪಿಡಿಎಫ್ ಇಳಿಸಿಕೊಂಡವರೂ ನೋಡಿರುತ್ತಾರೆ. ಸಹಿ ಸುಳ್ಳು ಎಂದು ಅದರ ಅರ್ಥವಲ್ಲ. ಆ ಸಹಿಯ ಬೇರು ಸಿಸಿಎಯಲ್ಲಿದೆ, ನಿಮ್ಮ ಕಂಪ್ಯೂಟರಿಗೆ ಅದರ ಪರಿಚಯ ಮಾಡಿಸಿಲ್ಲ ಎಂದಷ್ಟೇ. ಪರಿಚಯ ಮಾಡಿಸಿದರೆ ಹಸಿರು ಗುರುತಾಗುತ್ತದೆ. ನಾನು ಎಷ್ಟೋ ಮಂದಿಗೆ ಅದನ್ನು ಮಾಡಿಕೊಟ್ಟಿದ್ದೇನೆ. ಮತ್ತೆ ಎಷ್ಟೋ ಮಂದಿಗೆ, ಏನೂ ಆಗಲ್ಲ ಪ್ರಿಂಟ್ ತಗೊಳ್ಳಿ ಎಂದಿದ್ದೇನೆ. ಬೇರನ್ನು ಕಣ್ಣುಮುಚ್ಚಿ ನಂಬಬೇಕೆಂದೂ ಇಲ್ಲ. 2014ರ ಜುಲೈಯಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿಯ ಪ್ರಾಧಿಕಾರದಿಂದ ಗೂಗಲ್‌ನ ಡೊಮೇನುಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟುಗಳು ಹೊರಟಿದ್ದು ಪತ್ತೆಯಾಯಿತು. ಪತ್ತೆಹಚ್ಚಿದ್ದು ಗೂಗಲ್. ಮಾರನೆಯ ದಿನವೇ ಸಿಸಿಎ ಎನ್‌ಐಸಿಯ ಮಧ್ಯದ ಸರ್ಟಿಫಿಕೇಟುಗಳನ್ನು ರದ್ದು ಮಾಡಿತು. ಕ್ರೋಮ್ ಬ್ರೌಸರು ಭಾರತದ ಬೇರಿನ ಮೇಲಿನ ನಂಬಿಕೆಯನ್ನು ಬೆರಳೆಣಿಕೆಯ ಡೊಮೇನುಗಳಿಗೆ ಕುಗ್ಗಿಸಿತು. ಕೆಟ್ಟದ್ದು ತುದಿಯಲ್ಲಲ್ಲ, ಬೇರಿನಲ್ಲಲ್ಲ, ನಡುವಿನಲ್ಲಿ. ಓದಿದಾಗ ಅದು ದೆಹಲಿಯ ಸುದ್ದಿ ಎನಿಸಿತ್ತು. ತಾಳವಾಡಿಯ ಸಂಘಕ್ಕೂ ಇಂಟರ್‌ನೆಟ್ಟಿಗೂ ನಡುವೆ ಕೂತವನು ನಾನು ಎಂಬುದು ಹೊಳೆಯಲು ತಡವಾಯಿತು.

ಕಡೆಗೂ ಕೆಲಸಕ್ಕೆ ಕೂತೆ. ಕೂತದ್ದಕ್ಕೆ ಸದ್ಗುಣ ಕಾರಣವಲ್ಲ. ಹಳೆಯ ರೂಟರು ಸುಟ್ಟುಹೋಗಿ ಹೊಸದು ಬಂದಿತ್ತು. ಇಂಟರ್‌ನೆಟ್ಟಿಗೆ ತೆರೆದಿದ್ದ ಪುಟವನ್ನು ಮುಚ್ಚಿದೆ. ಹೊರಗಿನಿಂದ ಬರುವವರು ವಿಪಿಎನ್ ಎಂಬ ಗೂಢಲಿಪಿಯ ಸುರಂಗದ ಮೂಲಕವೇ ಬರಬೇಕು, ಅದಕ್ಕೆ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಸರ್ಟಿಫಿಕೇಟು ಬೇಕು ಎಂದು ಕಟ್ಟಿದೆ. ಸಂಘದ ಒಂದು ಹಳೆಯ ಲ್ಯಾಪ್‌ಟಾಪನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಅದರಲ್ಲಿ ಎಕ್ಸ್‌ಸಿಎ ಹಾಕಿ ನಮ್ಮದೇ ಬೇರು ಹುಟ್ಟಿಸಿದೆ. ಬೇರಿನ ಬಹಿರಂಗ ಪತ್ರವನ್ನು ಸಂಘದ ಕಂಪ್ಯೂಟರುಗಳಿಗೂ ನನ್ನದಕ್ಕೂ ಪರಿಚಯಿಸಿದೆ. ರೂಟರಿಗೆ, ಸ್ವಿಚ್ಚುಗಳಿಗೆ ಒಂದೊಂದು ಪತ್ರ. ಅದರಲ್ಲಿ ಸಾಧನದ ಹೆಸರನ್ನೂ ಐಪಿ ವಿಳಾಸವನ್ನೂ ಪರ್ಯಾಯ ಹೆಸರುಗಳ ಕಾಲಮಿನಲ್ಲಿ ಬರೆಯಬೇಕು. ಹಳೆಯ ರೂಢಿಯಂತೆ ಕಾಮನ್ ನೇಮ್ ಒಂದರಲ್ಲೇ ಬರೆದು ಬಿಟ್ಟರೆ 2017ರ ಕ್ರೋಮ್ 58ರಿಂದೀಚೆಗೆ ಬ್ರೌಸರು ಅದರತ್ತ ತಿರುಗಿಯೂ ನೋಡುವುದಿಲ್ಲ.

ಹೊಸ ಸಾಧನ ಮೊದಲ ಸಲ ಎದ್ದ ಗಳಿಗೆಯಲ್ಲೇ ಹುಟ್ಟಿಸಿಕೊಂಡ ಕೀಲಿಯನ್ನು ನಾನು ಇಟ್ಟುಕೊಳ್ಳುವುದಿಲ್ಲ. 2012ರಲ್ಲಿ ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಇಂಟರ್‌ನೆಟ್ಟನ್ನೆಲ್ಲ ಜಾಲಾಡಿ ತೋರಿಸಿದ ವಿಷಯ ಇದು. ರೂಟರು, ಫೈರ್‌ವಾಲಿನಂಥ ಸಣ್ಣ ಸಾಧನಗಳಿಗೆ ಎದ್ದ ಕೂಡಲೇ ಬೇಕಾದಷ್ಟು ಯಾದೃಚ್ಛಿಕತೆ ದಕ್ಕುವುದಿಲ್ಲ. ಹೀಗಾಗಿ ಎಲ್ಲೆಲ್ಲಿಯವೋ ಸಾಧನಗಳು ಒಂದೇ ಅವಿಭಾಜ್ಯ ಸಂಖ್ಯೆಯನ್ನು ಹಂಚಿಕೊಂಡಿದ್ದವು, ಗುಟ್ಟಿನ ಕೀಲಿಗಳನ್ನು ಲೆಕ್ಕ ಹಾಕಿಯೇ ತೆಗೆಯಬಹುದಿತ್ತು.

ಆಮೇಲೆ ಗಡಿಯಾರ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು, ಬರುವುದು ನಡೆದೇ ಇರುತ್ತದೆ. ಅಗ್ಗದ ರೂಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟು ಬಂದು ಎದ್ದಾಗ ಅದರ ಲೆಕ್ಕದಲ್ಲಿ ಅದು 1970ರ ಜನವರಿ 1. ನಾನು ವಿಪಿಎನ್ನಿನಲ್ಲಿ ಸರ್ಟಿಫಿಕೇಟು ತೋರಿಸಿದರೆ, ಇದು ಚಾಲ್ತಿಗೆ ಬರಲು ಇನ್ನೂ ಐವತ್ತು ಚಿಲ್ಲರೆ ವರ್ಷವಿದೆ ಎಂದು ತಿರಸ್ಕರಿಸುತ್ತದೆ. ರೂಟರು ಮೊದಲು ಎನ್‌ಟಿಪಿ ಸರ್ವರಿನಿಂದ ಹೊತ್ತು ತಿಳಿದುಕೊಳ್ಳುವಂತೆ ಮಾಡಿ, ಒಂದು ಪುಟ್ಟ ಯುಪಿಎಸ್ ಕೂಡ ಇಡಿಸಿದೆ. ಭದ್ರತೆಯ ಪುಸ್ತಕಗಳಲ್ಲಿ ಗೂಢಲಿಪಿಗೆ ಅಧ್ಯಾಯಗಟ್ಟಲೆ ಜಾಗವಿರುತ್ತದೆ, ಗಡಿಯಾರಕ್ಕೆ ಒಂದು ಪ್ಯಾರಾ. ಬೆಟ್ಟದಲ್ಲಿ ಕೆಲಸ ಮಾಡುವವನು ಅದನ್ನು ತಿರುವುಮುರುವು ಮಾಡಿ ಬರೆಯುತ್ತಾನೆ.

ದಿನಾಂಕ ಕೆಡಿಸಿದ ದೊಡ್ಡ ಕತೆಗಳೂ ಇವೆ. 2018ರ ಡಿಸೆಂಬರ್ 6ರಂದು ಎರಿಕ್ಸನ್‌ನ ಉಪಕರಣಗಳ ತಂತ್ರಾಂಶದಲ್ಲಿ ಸರ್ಟಿಫಿಕೇಟಿನ ಅವಧಿ ಮುಗಿದು ಬ್ರಿಟನ್ನಿನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲಗಳು ಮಲಗಿದವು, ಕೋಟ್ಯಂತರ ಜನರ ಫೋನು ನಿಂತಿತು. ನನ್ನ ಕಸುಬಿಗೆ ಇನ್ನೂ ಹತ್ತಿರದ್ದು ಸಿಸ್ಕೋದ್ದು. ಅದರ ಹಳೆಯ ಐಓಎಸ್ ಆವೃತ್ತಿಗಳಲ್ಲಿ ಸಾಧನ ತನಗೆ ತಾನೇ ಸಹಿ ಹಾಕಿಕೊಂಡ ಪತ್ರಗಳಿಗೆಲ್ಲ, ಎಂದು ಹುಟ್ಟಿದ್ದೇ ಇರಲಿ, ಕೊನೆಯ ದಿನ ಒಂದೇ ಆಗಿತ್ತು: 2020ರ ಜನವರಿ 1, ನಮ್ಮ ಲೆಕ್ಕದಲ್ಲಿ ಬೆಳಗಿನ ಐದೂವರೆ. ಆ ಹೊತ್ತು ದಾಟಿದ ಮೇಲೆ ಹೊಸದನ್ನು ಹುಟ್ಟಿಸಲೂ ಬರುತ್ತಿರಲಿಲ್ಲ. ಒಂದೋ ತಂತ್ರಾಂಶ ಬದಲಾಯಿಸಬೇಕು, ಇಲ್ಲವೇ ಬೇರೊಬ್ಬರ ಸಹಿ ಪಡೆದ ಪತ್ರ ತರಬೇಕು. ಕೊಯಮತ್ತೂರಿನಲ್ಲಿ ಆ ಪ್ರಕಟಣೆ ಓದಿ ನಾವು ಪಟ್ಟಿ ಮಾಡಿ ಒಂದೊಂದೇ ಸಾಧನ ಸರಿಪಡಿಸಿದೆವು. ಆ ಪಟ್ಟಿಗೆ ಬೆಟ್ಟದ ಮೇಲಿನ ಯಾವ ಹೆಸರನ್ನೂ ನಾನು ಸೇರಿಸಲಿಲ್ಲ. ಅಲ್ಲಿ ಸಿಸ್ಕೋ ಇರಲಿಲ್ಲ ಎಂಬುದು ಉತ್ತರವೇನೋ ಹೌದು. ಅಲ್ಲಿರುವುದಕ್ಕೂ ಹಾಗೊಂದು ಕೊನೆಯ ದಿನ ಇದೆಯೇ ಎಂದು ನೋಡುವ ಯೋಚನೆಯೇ ಬರಲಿಲ್ಲ ಎನ್ನುವುದು ಇನ್ನೂ ಸರಿಯಾದ ಉತ್ತರ.

ಹಳೆಯ ಸಾಧನಗಳ ಬಗ್ಗೆ ಅರ್ಧ ನಿಜ ಎಂದೆ. ಗೋದಾಮಿನ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಹೊರಗಿನ ಸರ್ಟಿಫಿಕೇಟು ಹಾಕುವ ಜಾಗವೇ ಇಲ್ಲ. ಅವನ್ನು ಬೇರೆ ವಿಲ್ಯಾನ್‌ನಲ್ಲಿ, ಅಂದರೆ ಜಾಲದೊಳಗೇ ಬೇರ್ಪಡಿಸಿದ ತುಂಡಿನಲ್ಲಿ ಕೂಡಿಹಾಕಿ, ಇಂಟರ್‌ನೆಟ್ಟಿನ ಕಡೆಗೆ ದಾರಿ ಮುಚ್ಚಿ, ಅಷ್ಟಕ್ಕೇ ನಿಲ್ಲಿಸಿದ್ದೇನೆ.

ಈಗ ಅಳತೆಯ ಪ್ರಶ್ನೆಗೆ. ಕೊಯಮತ್ತೂರಿನಲ್ಲಿ ವರ್ಷಕ್ಕೊಮ್ಮೆ ಆಡಿಟರ್ ಬರುತ್ತಾನೆ, ಬೆಟ್ಟದಲ್ಲಿ ಕಾಫಿ ಬರುತ್ತದೆ ಎಂದುಕೊಂಡಿದ್ದೆ. ಕೇಳುವವರಿದ್ದ ಕಡೆ ನೆಟ್ಟಗೆ, ಕೇಳದ ಕಡೆ ಸೊಟ್ಟಗೆ. ಅಷ್ಟೇ ಆಗಿದ್ದರೆ ಸೋಮಾರಿತನ ಎಂದು ಮುಗಿಸಬಹುದಿತ್ತು. ಅದರಡಿ ಇನ್ನೊಂದಿದೆ. ಗಡಿಯಲ್ಲಿ ಬೆಳೆದವರಿಗೆ ಎಲ್ಲವೂ ಕೊನೆಯ ಪಂಕ್ತಿಯಲ್ಲಿ ಬಂದು ರೂಢಿ. ಪಠ್ಯಪುಸ್ತಕ ತಡವಾಗಿ, ಬಸ್ಸು ಹಳೆಯದು, ಟವರು ಆಚೆ ರಾಜ್ಯದ್ದು. ಇದರ ಬಗ್ಗೆ ನಾನು ಬೇಕಾದಷ್ಟು ಗೊಣಗಿದ್ದೇನೆ. ನನ್ನ ಕೈಗೆ ಬಡಿಸುವ ಸೌಟು ಬಂದಾಗ ನಾನೂ ನಮ್ಮವರನ್ನು ಕೊನೆಯ ಪಂಕ್ತಿಯಲ್ಲೇ ಕೂರಿಸಿದೆ. ನಮ್ಮೂರಿಗೆ ಇಷ್ಟು ಸಾಕು ಎನ್ನುವ ಮಾತನ್ನು ಹೊರಗಿನವನು ಆಡಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಅದಕ್ಕಿಂತ ಹೇಳಲು ಕಷ್ಟವಾದದ್ದು ಇದು. ಸರಿಯಾದ ಏರ್ಪಾಟು ಇಲ್ಲದಿದ್ದುದು ನನಗೆ ಒಳಗೊಳಗೇ ಅನುಕೂಲವಾಗಿತ್ತು. ಪಾಸ್‌ವರ್ಡು ನನ್ನ ತಲೆಯಲ್ಲಿ, ವಿಳಾಸಗಳು ನನ್ನ ತಲೆಯಲ್ಲಿ. ಏನಾದರೂ ನನಗೇ ಫೋನು. ‘ನೀ ಇಲ್ದೇ ಇದ್ರೆ ಇದು ನಡೆಯಾಕಿಲ್ಲ ಕನಪ್ಪ’ ಎಂಬ ಮಾತಿಗೆ ಎಷ್ಟು ಬೆಲೆ ಇದೆ ಎಂದು ಕೊಯಮತ್ತೂರಿನಲ್ಲಿ ನೂರರಲ್ಲಿ ಒಬ್ಬನಾಗಿ ದುಡಿಯುವವನಿಗೆ ಗೊತ್ತು. ಸರ್ಟಿಫಿಕೇಟಿನ ಏರ್ಪಾಟಿನಲ್ಲಿ ಎಲ್ಲವನ್ನೂ ಬರೆದಿಡಬೇಕು: ಬೇರು ಎಲ್ಲಿದೆ, ಯಾರಿಗೆ ಯಾವ ಪತ್ರ, ಯಾವಾಗ ಮುಗಿಯುತ್ತದೆ, ಹೇಗೆ ಹೊಸದು ಮಾಡುವುದು. ಬರೆದಿಟ್ಟದ್ದನ್ನು ಬೇರೆಯವರೂ ಓದುತ್ತಾರೆ. ನಾನು ಮುಂದೂಡುತ್ತಿದ್ದುದು ಬಹುಶಃ ಅದನ್ನೇ.

ಓದಿದವಳು ಸಂಘದಲ್ಲಿ ಲೆಕ್ಕ ಬರೆಯುವ ಹುಡುಗಿ. ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಚಾಮರಾಜನಗರದಲ್ಲಿ ಬಿಕಾಂ ಮಾಡಿದವಳು. ಬೇರಿನ ಕೀಲಿಯ ಪೆನ್‌ಡ್ರೈವ್ ಈಗ ಸಂಘದ ಬೀರುವಿನಲ್ಲಿದೆ, ಅದರ ಪಾಸ್‌ವರ್ಡು ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ. ನಾನು ಬರೆದುಕೊಟ್ಟ ಹಾಳೆಗಳನ್ನು ಅವಳು ಎರಡು ಸಲ ಓದಿ, ‘ಅಣ್ಣ, ನಿಮ್ಮ ಸರ್ಟಿಫಿಕೇಟ್ನ ರದ್ದು ಮಾಡ್ಬೇಕು ಅಂದ್ರೆ ನಾನೇನ್ ಮಾಡ್ಬೇಕು? ಅದು ಇದರಲ್ಲಿಲ್ಲ’ ಅಂದಳು. ಯಾಕೆ ಎಂದೆ. ‘ನಿಮ್ಮ ಲ್ಯಾಪ್‌ಟಾಪ್ ಕಳುವಾದ್ರೆ? ನೀವೇ ಈ ಕೆಲ್ಸ ಬುಟ್ರೆ?’ ಉಳಿದವರೆಲ್ಲರದ್ದನ್ನೂ ರದ್ದು ಮಾಡುವ ವಿಧಾನ ಬರೆದಿದ್ದೆ. ಉದಾಹರಣೆಗೆ ಅವಳ ಹೆಸರನ್ನೇ ಹಾಕಿದ್ದೆ.

ಲ್ಯಾಪ್‌ಟಾಪ್ ತೆರೆಸಿ ತೋರಿಸಿದೆ. ನನ್ನ ಹೆಸರನ್ನು ಆರಿಸಿ ರದ್ದು ಒತ್ತಿ, ರದ್ದಾದವುಗಳ ಪಟ್ಟಿಯನ್ನು ಹೊಸದಾಗಿ ಹುಟ್ಟಿಸಿ ರೂಟರಿಗೆ ಏರಿಸಿದಳು. ಫೋನಿನ ಡೇಟಾದಲ್ಲಿ ವಿಪಿಎನ್ ಹಚ್ಚಿ ನೋಡಿದೆ, ಒಳಗೆ ಬಿಡಲಿಲ್ಲ. ಸರಿಯಾಗಿದೆ ಎಂದೆ. ಈಗ ನನಗೆ ಹೊಸದೊಂದು ಮಾಡಿಕೊಡಬೇಕಲ್ಲ. ಹೆಸರು ತುಂಬಿದಳು, ಕೀಲಿಯ ಅಳತೆ ಆರಿಸಿದಳು, ಅವಧಿ ಎಷ್ಟು ಹಾಕ್ಲಿ ಎಂದು ಕೇಳಿದಳು. ಸಾರ್ವಜನಿಕ ವೆಬ್‌ಸೈಟುಗಳ ಸರ್ಟಿಫಿಕೇಟಿನ ಗರಿಷ್ಠ ಅವಧಿ 2020ರಲ್ಲಿ 398 ದಿನಕ್ಕೆ ಇಳಿದಿತ್ತು, 2029ರ ಹೊತ್ತಿಗೆ 47 ದಿನಕ್ಕೆ ಇಳಿಯಲಿದೆ ಎಂಬುದನ್ನು ಅದೇ ಬೆಳಿಗ್ಗೆ ಅವಳಿಗೆ ವಿವರಿಸಿದ್ದೆ. ನಮ್ಮದು ಖಾಸಗಿ ಬೇರು, ಆ ನಿಯಮ ನಮಗೆ ಅನ್ವಯಿಸುವುದಿಲ್ಲ. ಹತ್ತು ವರ್ಷ ಎನ್ನಲು ಬಾಯಿ ತೆರೆದವನು ಒಂದು ವರ್ಷ ಎಂದೆ. ಅವಳು ಆರು ತಿಂಗಳು ಹಾಕಿದಳು.